ದಮ್ಮಾಮಿನ ಕಂಪ್ಯೂಟರ್

ಮೌಸಿನ ಮೇಲೆ ಶಬ್ನಾಳ ಕೈ, ಆ ಕೈಯ ಮೇಲೆ ಅತ್ತೆ ನಬೀಸಾರ ಕೈ. ಎರಡೂ ಅಲುಗಾಡಲಿಲ್ಲ.

“ಇದು ಏನು ಕೇಳ್ತಾ ಉಂಟು?” ಎಂದರು ನಬೀಸಾ.

ಪರದೆಯ ಮೇಲಿದ್ದದ್ದು ಕನ್ನಡ. ನಬೀಸಾರಿಗೆ ಕನ್ನಡ ಓದಲು ಬಾರದು. ಶಬ್ನಾ ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಅದಕ್ಕೆ ಬೇಕಾದ ಸುಳ್ಳು ನಾಲಿಗೆಯ ತುದಿಯವರೆಗೆ ಬಂದೂ ಇತ್ತು. ಆದರೆ ಮದುವೆಯಾಗಿ ಕಕ್ಕಿಂಜೆಗೆ ಬಂದ ಎರಡು ವರ್ಷಗಳಲ್ಲಿ ಈ ಮಾಮಿ ತನಗೆ ಒಂದೇ ಒಂದು ಸುಳ್ಳು ಹೇಳಿಲ್ಲ ಎಂಬುದು ಸರಿಯಾಗಿ ಆ ಹೊತ್ತಿಗೇ ನೆನಪಾಗಿ ಕೆಲಸ ಕೆಡಿಸಿತು.

“ಇದರಲ್ಲಿ ಇದ್ದದ್ದನ್ನೆಲ್ಲ ಅಳಿಸಿ ಹೊಸತು ಹಾಕಲಾ ಅಂತ ಕೇಳ್ತಾ ಉಂಟು, ಮಾಮಿ.”

“ಅರಬಿಯನ್ನಾ ಅಳಿಸುವುದು?”

“ಹೌದು.”

“ಹಾಗಾದ್ರೆ ಕೈ ತೆಗಿ.”

ಶಬ್ನಾ ಕೈ ತೆಗೆದಳು.

ಆ ಕಂಪ್ಯೂಟರ್ ಸೌದಿಯ ದಮ್ಮಾಮಿನಿಂದ ಬಂದದ್ದು. ನಬೀಸಾರ ಮಗ, ಶಬ್ನಾಳ ಗಂಡ ಹಾರಿಸ್ ಅಲ್ಲಿಯ ಆಫೀಸೊಂದರಲ್ಲಿ ಕೆಲಸಕ್ಕಿದ್ದ. ಆಫೀಸಿನವರು ಹಳತಾಯಿತೆಂದು ಬಿಟ್ಟದ್ದನ್ನು ಅವನು ಎರಡು ಕಂಬಳಿಗಳ ನಡುವೆ ಸುತ್ತಿ, ಹಾಲಿನ ಪುಡಿಯ ಡಬ್ಬಿಗಳ ಜೊತೆ ಹಡಗಿನಲ್ಲಿ ಕಳಿಸಿದ್ದ. ಬಂದು ಎಂಟು ತಿಂಗಳಾಗಿತ್ತು. ಚಾಲೂ ಮಾಡಿದರೆ ಮೇಲಿನಿಂದ ಕೆಳಗಿನವರೆಗೆ ಅರಬಿ. ಬೆಳ್ತಂಗಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಪಾಸಾದ ಶಬ್ನಾಳಿಗೆ, ಎಡಕ್ಕಿರಬೇಕಾದದ್ದೆಲ್ಲ ಬಲಕ್ಕೆ ಕೂತಿದ್ದ ಆ ಪರದೆಯಲ್ಲಿ ಬಾಗಿಲು ಯಾವುದು ಕಿಟಕಿ ಯಾವುದು ಎಂದೇ ತಿಳಿಯಲಿಲ್ಲ.

ತಿಳಿದದ್ದು ನಬೀಸಾರಿಗೆ. ಶಾಲೆಯಲ್ಲಿ ಒಂದನೇ ಕ್ಲಾಸು ದಾಟದ ಅವರು ಮದರಸದಲ್ಲಿ ಕುರ್‌ಆನನ್ನು ಮೂರು ಸಲ ಪೂರ್ತಿ ಓದಿ ಮುಗಿಸಿದವರು. ತಲೆಗೆ ಶಾಲು ಎಳೆದುಕೊಂಡು ಪರದೆಯ ಮುಂದೆ ಕೂತು, ಅಲ್ಲಿದ್ದ ಒಂದೊಂದು ಸಾಲನ್ನೂ ರಾಗವಾಗಿ ಓದಿಬಿಟ್ಟರು. ಕಂಪ್ಯೂಟರಿನವರು ಕುರ್‌ಆನಿನಲ್ಲಿರುವ ಹಾಗೆ ಅಕ್ಷರಗಳಿಗೆ ಸ್ವರಚಿಹ್ನೆ ಹಾಕುವ ಗೋಜಿಗೆ ಹೋಗಿರಲಿಲ್ಲ. ಅದನ್ನು ನಬೀಸಾರೇ ಧಾರಾಳವಾಗಿ ಸೇರಿಸಿಕೊಂಡರು. ಅರ್ಥ ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಯಾರೂ ಕೇಳಲೂ ಇಲ್ಲ. ಸಂಜೆ ನಮಾಜಿನ ನಂತರ ಅಕ್ಕಪಕ್ಕದ ಹೆಂಗಸರು ಬಂದು ಕೂರತೊಡಗಿದರು. ಆಚೆ ಮನೆಯ ಪೂವಮ್ಮ ಕೂಡ ಎಲೆ, ತಂಬಾಕು ತುಂಬಿದ ಬೀಡಿ ಕಟ್ಟುವ ಮೊರ, ತನ್ನ ತಡ್ಪೆಯನ್ನು ಹಿಡಿದುಕೊಂಡೇ ಬಂದು ತೊಡೆಯ ಮೇಲಿಟ್ಟುಕೊಂಡು, ಕೈ ತನ್ನ ಕೆಲಸ ಮಾಡುತ್ತಿದ್ದ ಹಾಗೆ ಕಿವಿಗೊಟ್ಟು ಕೇಳುತ್ತಿದ್ದಳು. ಐವತ್ತಮೂರು ವರ್ಷಗಳಲ್ಲಿ ನಬೀಸಾರನ್ನು ಏನಾದರೂ ಓದಿ ಹೇಳು ಎಂದು ಯಾರೂ ಕೇಳಿದ್ದಿಲ್ಲ. ಮಗನ ಕಾಗದವನ್ನೂ ಬೇರೆಯವರೇ ಓದಬೇಕು, ಬೇರೆಯವರೇ ಬರೆಯಬೇಕು. ಈಗ ಅವರಿಗೆ ದಿನಕ್ಕೊಂದು ಸಭೆ.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಊರಿನ ಶಾಲೆಗೆ ಐವತ್ತು ವರ್ಷ ತುಂಬಿತು. ಹೆಡ್‌ಮಾಸ್ಟ್ರು ಚಿನ್ನಯ್ಯನವರು ಸ್ಮರಣ ಸಂಚಿಕೆಯನ್ನು ಟೈಪ್ ಮಾಡಲು ಜನ ಹುಡುಕುತ್ತಿದ್ದಾರೆಂದು ಕೇಳಿ ಶಬ್ನಾ ತಾನಾಗಿಯೇ ಹೋಗಿ ವಿಚಾರಿಸಿದಳು. ಶನಿವಾರದೊಳಗೆ ಹತ್ತು ಪುಟ ಮಾಡಿ ತೋರಿಸಲಿ, ಚೆನ್ನಾಗಿದ್ದರೆ ನೂರಿಪ್ಪತ್ತು ಪುಟವೂ ಅವಳಿಗೆ, ಕೊನೆಯ ಪುಟದಲ್ಲಿ ಅವಳ ಹೆಸರೂ ಬರುತ್ತದೆ, ಇಲ್ಲದಿದ್ದರೆ ಬೆಳ್ತಂಗಡಿಯ ಪ್ರೆಸ್ಸಿಗೆ ಎಂದಿದ್ದರು. ಮದುವೆಯಾದ ಮೇಲೆ ಅಡುಗೆ ಬಿಟ್ಟು ಬೇರೊಂದು ಕೆಲಸವನ್ನು ಅವಳಿಂದ ಯಾರೂ ನಿರೀಕ್ಷಿಸಿರಲಿಲ್ಲ. ಆ ಹತ್ತು ಪುಟ ಅವಳಿಗೆ ಬೇಕಿತ್ತು, ಹಸಿದವರಿಗೆ ಗಂಜಿ ಬೇಕಾದ ಹಾಗೆ ಬೇಕಿತ್ತು.

ಅವಳಿಗೆ ಕಲಿಸಿದ್ದ ರಂಜಿತ್ ಸರ್ ಒಂದು ಸಿ.ಡಿ. ಕೊಟ್ಟರು. ಲಿನಕ್ಸ್ ಅಂತೆ, ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಕನ್ನಡ ಅದರೊಳಗೇ ಇದೆ, ಯಾರಿಂದಲೂ ಕೊಳ್ಳಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಡ, ಬೇಕಾದವರು ನಕಲು ಮಾಡಿ ಬೇಕಾದವರಿಗೆ ಕೊಡಬಹುದು. ಒಂದೇ ತೊಂದರೆ, ಹಳೆಯ ಯಂತ್ರದಲ್ಲಿ ಎರಡಕ್ಕೂ ಜಾಗವಿಲ್ಲ. ಅರಬಿ ಹೋದರೆ ಮಾತ್ರ ಕನ್ನಡ ಬಂದೀತು.

ಮತ್ತು ಆ ಮನೆಯಲ್ಲಿ ಅರಬಿ ಅಕ್ಷರವಿದ್ದ ಕಾಗದದ ಚೂರು ನೆಲಕ್ಕೆ ಬಿದ್ದರೆ ಎತ್ತಿ, ಮುತ್ತಿಟ್ಟು, ಎತ್ತರದಲ್ಲಿ ಸಿಕ್ಕಿಸಿಡುವುದು ಪದ್ಧತಿ. ಅಳಿಸುವ ಮಾತೆಲ್ಲಿಂದ ಬಂತು?

“ಉಸ್ತಾದರು ಹೇಳಲಿ. ಅವರು ಅಳಿಸು ಅಂದ್ರೆ ಅಳಿಸುವ,” ಎಂದರು ನಬೀಸಾ. ಅವರು ಹಾಗೆ ಹೇಳಲಾರರು ಎಂಬ ಧೈರ್ಯ ಆ ಮಾತಿನಲ್ಲಿತ್ತು. ದಿನ ಬುಧವಾರ.

ಮದರಸದ ಉಸ್ತಾದ್ ಅಬ್ದುಲ್ ಶುಕೂರ್ ಸಂಜೆಗೇ ಬಂದರು. ಅವರು ಅರಬಿಯನ್ನು ಓದಿದ್ದಷ್ಟೇ ಅಲ್ಲ, ಅರ್ಥ ಸಹಿತ ಕಲಿತವರು. ಸುದ್ದಿ ತಿಳಿದು ಪೂವಮ್ಮನೂ ತಡ್ಪೆ ಸಮೇತ ಬಂದು ಬಾಗಿಲ ಬಳಿ ಕೂತಳು. ಶಬ್ನಾ ಸಿ.ಡಿ. ತೆಗೆದು ಹಳೆಯ ಪರದೆಯನ್ನೇ ತೆರೆದಿಟ್ಟಳು. ನಬೀಸಾ ಶಾಲು ಎಳೆದುಕೊಂಡು, ಬಾಗಿಲ ಪರದೆಯ ಮರೆಯಿಂದಲೇ, ಬಾಯಿಪಾಠವಾಗಿದ್ದುದನ್ನೆಲ್ಲ ಓದಿದರು. ತಮಗೆ ಅತ್ಯಂತ ಇಷ್ಟವಾದ ‘ಸಲ್ಲತುಲ್ ಮಹ್‌ದೂಫಾತ್’ ಬಂದಾಗ ಎಂದಿಗಿಂತ ಒಂದು ಗೇಣು ಹೆಚ್ಚೇ ಎಳೆದರು.

ಉಸ್ತಾದ್ ಚಹಾದ ಗ್ಲಾಸನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡರು.

“ಅದು ಕಸದ ಬುಟ್ಟಿ,” ಎಂದರು ಮೆಲ್ಲಗೆ. “ಬೇಡದ್ದನ್ನು ಬಿಸಾಡುವ ಬುಟ್ಟಿ ಅಂತ ಅರ್ಥ. ಉಳಿದದ್ದೂ ಹಾಗೆಯೇ, ಎಲ್ಲ ಆಫೀಸಿನ ಮಾತು.”

ಪೂವಮ್ಮ ಕಟ್ಟುತ್ತಿದ್ದ ಬೀಡಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಅಕ್ಷರಕ್ಕೆ ಗೌರವ ಇರಬೇಕಾದದ್ದೇ, ಆದರೆ ಇದು ಸ್ವಿಚ್ ಆರಿಸಿದಾಗ ದಿನಾ ಮಾಯವಾಗುವ ಬೆಳಕು, ಅಳಿಸಿದರೆ ತಪ್ಪಿಲ್ಲ ಎಂದು ಹೇಳಿ ಉಸ್ತಾದ್ ಚಪ್ಪಲಿ ಮೆಟ್ಟಿ ಹೊರಟುಹೋದರು. ಶಬ್ನಾಳಿಗೆ ಗೆದ್ದ ಖುಷಿಯೇ ಆಗಲಿಲ್ಲ. ಹೀಗೆ ಗೆಲ್ಲುವುದು ಅವಳಿಗೆ ಬೇಕಿರಲಿಲ್ಲ.

ಅಡುಗೆಕೋಣೆಯಿಂದ ಏನೋ ಸದ್ದು ಕೇಳಿತು. ಮಾಮಿ ಅಳುತ್ತಿದ್ದಾರೆಂದು ಶಬ್ನಾ ಎದ್ದಳು. ನೋಡಿದರೆ ನಬೀಸಾ ಗೋಡೆಗೊರಗಿ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಆ ನೀರೆಲ್ಲ ನಗುವಿನದ್ದೇ ಎಂದು ಮಾತ್ರ ಹೇಳುವಂತಿರಲಿಲ್ಲ.

“ಎಂಟು ತಿಂಗಳು ತಲೆಗೆ ಶಾಲು ಹಾಕಿ ಕಸದ ಬುಟ್ಟಿ ಓದಿದ್ದು ಸಾಕು,” ಎಂದರು. “ಅಳಿಸು.”

ಅಳಿಸಿ ಹೊಸತನ್ನು ತುಂಬಲು ಮುಕ್ಕಾಲು ಗಂಟೆ ಬೇಕೆಂದೂ, ನಡುವೆ ಕರೆಂಟ್ ಹೋದರೆ ಅದೂ ಇಲ್ಲ ಇದೂ ಇಲ್ಲ ಎಂದೂ ಶಬ್ನಾ ಹೇಳಿದಳು. ಚಾರ್ಮಾಡಿ ಕಡೆಯ ಕರೆಂಟಿನ ಗುಣ ಗೊತ್ತಿದ್ದ ನಬೀಸಾ ಸೆರಗು ಬಿಗಿದು ನಿಂತರು. ಫ್ರಿಜ್ ಆರಿಸಿದರು. ಪಂಪ್ ಚಾಲೂ ಮಾಡಬಾರದೆಂದು ಪೂವಮ್ಮನಿಗೆ ತಾಕೀತು ಮಾಡಿದರು. ಪೂವಮ್ಮ ಆಚೆ ಮೂರು ಮನೆಗಳಿಗೆ ಹೋಗಿ ಗ್ರೈಂಡರ್ ನಿಲ್ಲಿಸಿ ಬಂದಳು. ಆ ಸಂಜೆ ಕಕ್ಕಿಂಜೆಯ ಆ ಓಣಿಯಲ್ಲಿ ಒಬ್ಬರೂ ಮಸಾಲೆ ಅರೆಯಲಿಲ್ಲ. ಬಲ್ಬು ಎರಡು ಸಲ ಮಂಕಾಯಿತು. ಎರಡು ಸಲವೂ ಮೂವರು ಹೆಂಗಸರು ಉಸಿರು ಹಿಡಿದು ಅದನ್ನೇ ನೋಡಿದರು, ಮತ್ತು ಅದು ಮತ್ತೆ ಬೆಳಗಿತು.

ಆಮೇಲೆ ಪರದೆ ಒಮ್ಮೆ ಕಪ್ಪಾಗಿ ತೆರೆದುಕೊಂಡಿತು. ಕಡತ, ಚಿತ್ರಗಳು, ಮುಖಪುಟ. ಎಲ್ಲ ಕನ್ನಡ, ಎಲ್ಲ ಅದರದರ ಜಾಗದಲ್ಲಿ. ಶಬ್ನಾಳಿಗೆ ಕುಣಿಯಬೇಕೆನಿಸಿತು. ಕುಣಿಯುವ ಬದಲು ಪೂವಮ್ಮನನ್ನು ಅಪ್ಪಿಕೊಂಡಳು. ತಂಬಾಕಿನ ಪುಡಿ ಮೂಗಿಗೇರಿ ಇಬ್ಬರೂ ಸೀನಿದರು.

ಗುರುವಾರ ನಾಲ್ಕು ಪುಟ, ಶುಕ್ರವಾರ ಆರು. ಟೈಪ್ ಮಾಡುತ್ತಾ ಮಾಡುತ್ತಾ ಅವಳು ಒಂದು ವಿಷಯ ಗಮನಿಸಿದಳು. ಮಾಮಿ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಶಾಲು ಮಡಿಚಿದ್ದಲ್ಲೇ ಇತ್ತು. ಸಂಜೆಯ ಹೆಂಗಸರೂ ಬರಲಿಲ್ಲ. ಆದರೆ ಕೀಲಿಮಣೆ ದಮ್ಮಾಮಿನದ್ದೇ ಅಲ್ಲವೇ? ಒಂದೊಂದು ಕೀಲಿಯ ಮೇಲೂ ಇಂಗ್ಲಿಷಿನ ಪಕ್ಕ ಅರಬಿ ಅಕ್ಷರ ಹಾಗೆಯೇ ಉಳಿದಿತ್ತು. ಶುಕ್ರವಾರ ಹತ್ತನೇ ಪುಟ ಮುಗಿಸಿದವಳು ಹುಡುಕಿ ಹುಡುಕಿ ಅರಬಿ ಬರೆಯುವ ವ್ಯವಸ್ಥೆ ಮಾಡಿ ನಬೀಸಾರನ್ನು ಎಳೆದು ತಂದು ಕೂರಿಸಿದಳು.

“ಈ ಅರಬಿ ಅಕ್ಷರದಲ್ಲೇ ನಮ್ಮ ಮನೆಮಾತು ಬ್ಯಾರಿ ಬಾಸೆ ಬರೀರಿ, ಮಾಮಿ. ಹಾರಿಸರಿಗೆ ಬರೀರಿ. ಅವರಿಗೂ ಮದರಸದ ಅಕ್ಷರ ಗೊತ್ತುಂಟಲ್ಲ.”

ನಬೀಸಾ ಒಂದು ಕೀಲಿ ಒತ್ತಿದರು. ಪರದೆಯ ಬಲ ಅಂಚಿನಲ್ಲಿ ಒಂದು ಅಕ್ಷರ ಮೂಡಿತು. ಅವರು ಬೆರಳು ಹಿಂದಕ್ಕೆಳೆದುಕೊಂಡು, ಅನ್ನ ಸೀಯುತ್ತದೆಂದು ಎದ್ದುಹೋದರು.

ಶನಿವಾರ ಚಿನ್ನಯ್ಯನವರು ಹತ್ತು ಪುಟಗಳನ್ನೂ ಕೆಂಪು ಪೆನ್ನು ಹಿಡಿದು ಓದಿದರು. ಎರಡು ತಪ್ಪು ಸಿಕ್ಕಿತು. ಕೈಬರಹದ ಜೊತೆ ಹೋಲಿಸಿ ನೋಡಿದರೆ ಎರಡೂ ಅವರದ್ದೇ. ಪೆನ್ನಿಗೆ ಮುಚ್ಚಳ ಹಾಕಿ, ಉಳಿದ ಬರಹಗಳಿದ್ದ ಇಡೀ ಚೀಲವನ್ನು ಮೇಜಿನ ಮೇಲೆ ಅವಳತ್ತ ದೂಡಿದರು. “ಹೆಸರು ಹೇಗೆ ಹಾಕುವುದು? ಶಬ್ನಾ ಅಂತ ಸಾಕಾ, ಶಬ್ನಾ ಹಾರಿಸ್ ಅಂತಲಾ?”

“ಶಬ್ನಾ, ಕಕ್ಕಿಂಜೆ ಅಂತ ಹಾಕಿ ಸರ್,” ಎಂದಳು ಶಬ್ನಾ.

ಚೀಲ ಭಾರವಿತ್ತು. ಅವಳು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು ರಸ್ತೆಯುದ್ದಕ್ಕೂ ಹೆಚ್ಚುಕಡಿಮೆ ಓಡಿಯೇ ಬಂದಳು. ಅಂಗಳಕ್ಕೆ ಬಂದಾಗ ಒಳಗಿನಿಂದ ರಾಗ ಕೇಳಿಸಿತು, ಅದೇ ಹಳೆಯ ರಾಗ. ಬಾಗಿಲಲ್ಲಿ ಪೂವಮ್ಮ, ತೊಡೆಯ ಮೇಲೆ ತಡ್ಪೆ. ಪರದೆಯ ಮುಂದೆ ತಲೆತುಂಬ ಶಾಲು ಹೊದ್ದ ನಬೀಸಾ, ತಾವೇ ಬರೆದದ್ದನ್ನು ಓದುತ್ತಿದ್ದರು.

“ಹಾರಿಸ್, ಕಪ್ಪು ಆಡು ಎರಡು ಮರಿ ಹಾಕಿದೆ. ಒಂದಕ್ಕೆ ನಿನ್ನದೇ ಮೂಗು.”

ಪೂವಮ್ಮ ಬೀಡಿ ಬಿಟ್ಟು ನಕ್ಕಳು. ನಬೀಸಾರೂ ನಕ್ಕರು, ಮೈ ಕುಲುಕುವಷ್ಟು. ಶಾಲು ತಲೆಯಿಂದ ಜಾರಿ ಹೆಗಲಿಗೆ ಬಿತ್ತು. ಅವರು ಅದನ್ನು ಮೇಲಕ್ಕೆಳೆದುಕೊಳ್ಳಲಿಲ್ಲ. ಒಂದು ಬೆರಳು ನೀಡಿ, ಕೀಲಿಗಳ ನಡುವೆ ಮುಂದಿನ ಅಕ್ಷರ ಹುಡುಕುತ್ತಿದ್ದರು.