ಗಾಳಿ ಬರುವ ಕಡೆ

ಕೆರೆಯಲ್ಲಿ ನೆನೆಹಾಕಿದ ತೆಂಗಿನ ಮಡಲಿಗೆ ಒಂದು ವಾಸನೆಯಿದೆ. ಅದನ್ನು ಪರಿಮಳವೆಂದು ಯಾರೂ ಹೇಳಲಾರರು. ಕೆಸರು, ಕೊಳೆತ ಎಲೆ, ಸ್ವಲ್ಪ ಉಪ್ಪುನೀರು ಕೂಡಿದ ವಾಸನೆ. ಬೆನೆಡಿಕ್ಟಾ ಚಿಕ್ಕವಳಿದ್ದಾಗ, ಉಳ್ಳಾಲದ ಅವರ ಮನೆಯಂಗಳದಲ್ಲಿ ಮೇ ತಿಂಗಳ ಕೊನೆಗೆ ಆ ವಾಸನೆ ತುಂಬಿಕೊಳ್ಳುತ್ತಿತ್ತು. ಹೆಂಗಸರು ಸಾಲಾಗಿ ಕೂತು ನೆನೆದ ಮಡಲು ಹೆಣೆಯುವರು. ಅಪ್ಪ ಆ ತಟ್ಟಿಗಳನ್ನು ಜಗಲಿಯ ಪಡುವಣ ಬದಿಗೆ ಹಗ್ಗ ಹಾಕಿ ಬಿಗಿಯುವನು. ಗಾಳಿಯೂ ಮಳೆಯೂ ಕಡಲಿನಿಂದ, ಎಂದರೆ ಪಡುವಣದಿಂದ, ಬರುತ್ತವೆಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ಮಕ್ಕಳ ಚಾಪೆಯನ್ನು ಅಮ್ಮ ಮೂಡಣ ಕೋಣೆಗೆ ಸರಿಸಿದಳೆಂದರೆ ಮಳೆಗಾಲ ಬಂತೆಂದೇ ಲೆಕ್ಕ.

ನೈರೋಬಿಯಲ್ಲಿ ಆ ವಾಸನೆ ಮತ್ತೆ ಮೂಗಿಗೆ ಬಂದದ್ದು ಎಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್ ಸಂಜೆ, ಅವಳು ರೇಡಿಯೊದಲ್ಲಿ ಹವಾಮಾನ ಕೇಳುತ್ತಿದ್ದಾಗ. ಅಲ್ಲಿನ ಹೈರಿಡ್ಜ್ ಬಡಾವಣೆಯ ಅವಳ ಮನೆಯ ಸುತ್ತ ತೆಂಗಿನ ಒಂದು ಗರಿಯೂ ಇರಲಿಲ್ಲ. ಆದರೂ, ನಾಳೆ ಮಧ್ಯಾಹ್ನದ ಮೇಲೆ ನಗರದಲ್ಲಿ ಗುಡುಗಿನೊಂದಿಗೆ ಭಾರೀ ಬಿರುಗಾಳಿ ಬೀಸಬಹುದು, ಮರಗಳ ಕೆಳಗೆ ನಿಲ್ಲಬೇಡಿ ಎಂದು ರೇಡಿಯೊದವನು ಹೇಳಿದ್ದೇ ತಡ, ಎಲ್ಲಿಂದಲೋ ಆ ಕೆರೆಯ ಕೆಸರು ಕಮ್ಮೆಂದಿತು.

ಕೂಡಲೇ ಫೋನು ಹೊಡೆದುಕೊಂಡಿತು. ಡಾಕ್ಟರ್ ಚಿದಾನಂದ. ಮೈಸೂರಿನವರು, ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಹಲ್ಲಿನ ಕ್ಲಿನಿಕ್ಕು.

"ಟೀಚರ್, ಕೇಳಿದ್ರಾ? ಈ ಸಲ ನಿಜ. ನನ್ನ ಬ್ಯಾರೋಮೀಟರ್ ಒಂದೇ ಅಲ್ಲ, ಡಿಪಾರ್ಟ್‌ಮೆಂಟ್‌ನವರೂ ಹೇಳ್ತಿದಾರೆ!"

"ನಿಮ್ಮದು ಎಷ್ಟು ಗಂಟೆಯ ರೀಡಿಂಗ್?"

"ಅಯ್ಯೋ, ಮಧ್ಯಾಹ್ನದ್ದಲ್ಲ. ಬೆಳಗಿಂದ ನೋಡ್ತಾ ಇದೀನಿ. ಆ ಮಾನ ಹೋಗಿದ್ದು ಒಂದು ಸಲ ಸಾಕು."

ಆ ಮಾನ ಹೋದ ಕಥೆ ಹೈರಿಡ್ಜ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಬ್ಯಾರೋಮೀಟರ್ ಕೊಂಡ ಹೊಸತರಲ್ಲಿ ಚಿದಾನಂದರು, ಮುಳ್ಳು ಮಧ್ಯಾಹ್ನಕ್ಕೆ ಇಳಿಯುವುದನ್ನು ಕಂಡು, ವಾರವಿಡೀ ದಿನಾ ಮೂರು ಗಂಟೆಗೆ ಬಿರುಗಾಳಿ ಸಾರಿದ್ದರು. ಸಮಭಾಜಕದ ಹತ್ತಿರ ಗಾಳಿಯ ಒತ್ತಡ ಪ್ರತಿದಿನ ಮಧ್ಯಾಹ್ನ ಇಳಿದು ರಾತ್ರಿ ಏರುತ್ತದೆ, ಅದು ಉಸಿರಾಟವಿದ್ದ ಹಾಗೆ, ಬಿರುಗಾಳಿಯಲ್ಲ ಎಂದು ಕೊನೆಗೆ ಬೆನೆಡಿಕ್ಟಾ ಬಿಡಿಸಿ ಹೇಳಬೇಕಾಯಿತು. ಹೇಳಿ ಕೇಳಿ ಅವಳು ಭೂಗೋಳದ ಟೀಚರ್. ನಿವೃತ್ತಳಾದ ಮೇಲೂ ಬಿಸಿಲು, ಮಳೆ ಅಳೆಯುವ ಹುಚ್ಚು ಬಿಟ್ಟಿರಲಿಲ್ಲ. ಅವಳು, ಚಿದಾನಂದರು, ಊರಾಚೆ ಆಥಿ ನದಿಯ ಬಯಲಿನಲ್ಲಿ ಕಾರ್ಖಾನೆಯೊಂದರ ಎಂಜಿನಿಯರಾಗಿದ್ದ ಫಿಲಿಪ್, ಈ ಮೂವರೂ ಸಂಜೆ ಸಂಜೆ ಫೋನಿನಲ್ಲಿ ಒಬ್ಬರಿಗೊಬ್ಬರು ಆಕಾಶದ ಸುದ್ದಿ ಹೇಳುತ್ತಿದ್ದರು. ಜೆನೆವಿವ್ ಬಾಯಿ ಅವರಿಗೆ 'ಗಾಳಿ ಪಾರ್ಟಿ' ಎಂದು ಹೆಸರಿಟ್ಟಿದ್ದರು.

ಫೋನು ಇಟ್ಟ ಮೇಲೆ ಬೆನೆಡಿಕ್ಟಾಳಿಗೆ ಮೊದಲು ನೆನಪಾದದ್ದು ಆ ಜೆನೆವಿವ್ ಬಾಯಿಯೇ. ಎಂಬತ್ತು ದಾಟಿದ ಜೀವ; ಸೊಂಟದ ಮೂಳೆ ಮುರಿದು ಮಂಚ ಹಿಡಿದು ವರ್ಷ ಕಳೆದಿತ್ತು. ಬೆನೆಡಿಕ್ಟಾ ಈ ಊರಿಗೆ ಹೊಸ ಟೀಚರಾಗಿ ಬಂದಿಳಿದಾಗ, ಗುರುತು ಪರಿಚಯ ಒಂದನ್ನೂ ಕೇಳದೆ ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಟ್ಟವರು. ಅವರ ಮಂಚವಿದ್ದದ್ದು ಪಡುವಣದ ಮುಂಕೋಣೆಯಲ್ಲಿ, ಗೋಡೆಯಗಲದ ಗಾಜಿನ ಕಿಟಕಿಯ ಪಕ್ಕದಲ್ಲಿ.

ಮರುದಿನ ಬೆಳಿಗ್ಗೆ, ಕ್ಲಿನಿಕ್ಕಿಗೆ ಹೊರಟ ಚಿದಾನಂದರನ್ನೂ ಕರೆದುಕೊಂಡು ಅವಳು ಎರಡು ಗಲ್ಲಿಯಾಚೆಗಿನ ಆ ಮನೆಗೆ ಹೋದಳು.

"ಎಂತ ಡಾಕ್ಟ್ರೇ, ಇವತ್ತೂ ಬಿರುಗಾಳಿಯಾ?" ಜೆನೆವಿವ್ ಬಾಯಿ ಮಲಗಿದಲ್ಲಿಂದಲೇ ಕೇಳಿದರು. "ಹಲ್ಲು ಕೀಳುವ ಕೆಲಸ ಇಲ್ವಾ?"

"ಇವತ್ತು ನಿಮ್ಮನ್ನೇ ಕೀಳೋಕೆ ಬಂದಿದೀವಿ ಬಾಯಿ. ಮಂಚದ ಸಮೇತ."

"ನನಗೆ ಈ ಕಿಟಕಿ ಬೇಕು ಮಾರಾಯ್ರೇ. ಶಾಲೆ ಬಿಟ್ಟ ಮಕ್ಕಳು ಇಲ್ಲೇ ಹೋಗುವುದು. ಒಬ್ಬ ದಿನಾ ನನಗೆ ನಾಲಗೆ ಚಾಚಿ ಹೋಗ್ತಾನೆ. ನಾನು ಕಾಣದಿದ್ರೆ ಸತ್ತೆ ಅಂತ ತಿಳ್ಕೊಳ್ತಾನೆ ಪಾಪ."

"ಗಾಜು ಒಡೆದರೆ ಮೈಮೇಲೇ ಬೀಳ್ತದೆ, ಬಾಯಿ," ಎಂದಳು ಬೆನೆಡಿಕ್ಟಾ. "ಒಂದೇ ದಿನ. ಹಿಂದಿನ ಕೋಣೆಯಲ್ಲಿ ಗಾಳಿಗೆ ಬೆನ್ನು ಕೊಟ್ಟ ಹಾಗೆ ಇರ್ತದೆ."

ಜೆನೆವಿವ್ ಬಾಯಿ ಅವಳ ಮುಖವನ್ನೇ ನೋಡಿದರು. "ಬೆನ್ನೀ, ನೀನು ಹೇಳ್ತೀಯಾ?"

"ಹೌದು, ನಾನೇ ಹೇಳ್ತೇನೆ."

"ಹಾಗಾದ್ರೆ ಆಯ್ತು. ಈ ಹಲ್ಲಿನವರ ಮಾತಿಗಾದ್ರೆ ನಾನು ಅಲುಗಾಡ್ತಿರ್ಲಿಲ್ಲ."

ಹಿಂದಿನ ಕೋಣೆ ಮೂಡಣಕ್ಕಿತ್ತು. ಚಿಕ್ಕದು, ಕತ್ತಲೆ, ಒಂದೇ ಪುಟ್ಟ ಕಿಟಕಿ. ಅದರ ಬೆನ್ನಿಗೇ ಪಕ್ಕದ ಕಾಂಪೌಂಡಿನ ನೀಲಗಿರಿ ಮರ, ಮನೆಯ ಮಾಡಿನ ಮೇಲೆ ಸ್ವಲ್ಪ ವಾಲಿಕೊಂಡು, ಬಹಳ ಕಾಲದಿಂದ ನಿಂತಿತ್ತು. ಚಿದಾನಂದರು ಮತ್ತು ಮನೆಗೆಲಸದ ಮೇರಿ ಸೇರಿ ಕಬ್ಬಿಣದ ಮಂಚವನ್ನು ಬಿಚ್ಚಿ ಅಲ್ಲಿಗೆ ಸಾಗಿಸಿ ಮತ್ತೆ ಜೋಡಿಸಿದರು. ಚಿದಾನಂದರು ಯಾವ ಕಡೆ ತಲೆ ಎಂದು ಕೇಳಿದರು, ಬೆನೆಡಿಕ್ಟಾ ತೋರಿಸಿದಳು. ಯಾಕೆ ಆ ಕೋಣೆ ಎಂದು ಅವರು ಕೇಳಲಿಲ್ಲ. ಟೀಚರ್ ಹೇಳಿದ ಮೇಲೆ ಮುಗಿಯಿತು. ಕಡಲು ಕಾಣದ ಊರಿನವರು ಗಾಳಿಯ ವಿಷಯದಲ್ಲಿ ಕಡಲ ಕರೆಯವರೆದುರು ಮಾತಾಡುವುದುಂಟೇ!

ಮಧ್ಯಾಹ್ನ ಬೆನೆಡಿಕ್ಟಾ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಗೋಡೆಯ ಮೇಲೆ ನಗರದ ನಕ್ಷೆ, ಕೈಯಲ್ಲಿ ಪೆನ್ಸಿಲು. ಊಟ ಮಾಡಲು ಮನಸ್ಸಾಗಲಿಲ್ಲ. ಆಕಾಶ ತಿಳಿಯಾಗಿಯೇ ಇತ್ತು. ಸೆಕೆ ಮಾತ್ರ ನೈರೋಬಿಗೆ ಹೇಳಿದ್ದಲ್ಲ. ಒತ್ತಡ ತನ್ನ ದಿನದ ಇಳಿತವನ್ನೂ ದಾಟಿ ಕೆಳಗೆ ಹೋಗಿದೆಯೆಂದು ಚಿದಾನಂದರು ಎರಡು ಸಲ ಫೋನು ಮಾಡಿದರು. ಎರಡನೆಯ ಸಲ ಯಾರದೋ ಬಾಯಿ ತೆರೆಸಿಟ್ಟು ಬಂದಿದ್ದರೆಂದು ಕಾಣುತ್ತದೆ. ಹಿಂದೆ ಒಂದು ನರಳಾಟ ಕೇಳುತ್ತಿತ್ತು.

ಮೂರು ಗಂಟೆ ದಾಟಿದ ಮೇಲೆ ಫಿಲಿಪ್‌ನ ಫೋನು ಬಂತು. ಅವನು ಕೂಗಿಯೇ ಮಾತಾಡುತ್ತಿದ್ದ.

"ಟೀಚರ್, ಬಂತು! ಮಣ್ಣಿನ ಗೋಡೆ ಎದ್ದು ನಡೆದ ಹಾಗೆ ಕಾಣ್ತದೆ. ಶೆಡ್ಡಿನ ಎರಡು ತಗಡು ಆಗ್ಲೇ ಹಾರಿಹೋಯ್ತು. ಗೇಟಿನ ಬಾವುಟ ಸೀದಾ ನಿಮ್ಮ ಕಡೆ ನಿಂತಿದೆ, ನೈರೋಬಿ ಕಡೆ! ಅರ್ಧ ಗಂಟೆ ಇದ್ರೆ ಹೆಚ್ಚು..." ಅಷ್ಟರಲ್ಲಿ ಲೈನು ಕಡಿಯಿತು.

ರೂಢಿಯಂತೆ ಅವಳು ಎದ್ದು ನಕ್ಷೆಯಲ್ಲಿ ಬಾಣ ಬರೆಯತೊಡಗಿದಳು. ಆಥಿಯ ಬಯಲಿನಿಂದ ಹೊರಟ ಗೆರೆ ನಗರದ ಅಂಚು ದಾಟಿ, ಎಡಕ್ಕೆ, ಹೈರಿಡ್ಜ್‌ನ ಕಡೆಗೆ ಬಂತು. ಗುರಿ ಮುಟ್ಟುವ ಮೊದಲೇ ಕೈ ನಿಂತಿತು. ಬಾಣ ಮೂಡಣದಿಂದ ಬರುತ್ತಿತ್ತು.

ಇಷ್ಟು ವರ್ಷ ಕರಿಹಲಗೆಯ ಮೇಲೆ ಈ ದೇಶದ ಗಾಳಿಗಳನ್ನು ಮೂಡಣದಿಂದಲೇ ಬರೆದು ತೋರಿಸಿದವಳು ಅವಳು. ಪರೀಕ್ಷೆಯಲ್ಲಿ ಉಲ್ಟಾ ಬರೆದ ಮಕ್ಕಳ ಅಂಕ ಕಳೆದವಳು. ಆದರೆ ಬಿರುಗಾಳಿ ಎಂಬ ಮಾತು ಕಿವಿಗೆ ಬಿದ್ದಾಗ ಭೂಗೋಳ ಕೆಲಸಕ್ಕೆ ಬರಲಿಲ್ಲ. ಅಮ್ಮ ಚಾಪೆ ಸರಿಸಿದ ಹಾಗೆ ಅವಳು ಮಂಚ ಸರಿಸಿದ್ದಳು: ಗಾಳಿ ಬಡಿಯುವ ಗೋಡೆಗೆ, ವಾಲಿದ ಮರದ ಬುಡಕ್ಕೆ. ನಡೆಯಲಾರದ ಮುದುಕಿಯೊಬ್ಬರು ತನ್ನ ಮಾತನ್ನು ನಂಬಿ ಅಲ್ಲಿ ಮಲಗಿದ್ದರು.

ಫೋನು ಎತ್ತಿದಳು; ಸತ್ತಿತ್ತು. ಚಪ್ಪಲಿ ಮೆಟ್ಟಿ ಹೊರಟಳು.

ಮೊಣಕಾಲು ನೋವಿನ ಹೆಂಗಸಿಗೆ ಎರಡು ಗಲ್ಲಿ ಎಂದರೆ ಸಣ್ಣ ದೂರವಲ್ಲ. ತಿರುವಿನಲ್ಲಿ ಚರಂಡಿಯ ಹಲಗೆ ದಾಟಲು ತಡವರಿಸುತ್ತಿದ್ದಾಗ, ಎದುರು ಮನೆಯ ಕಾವಲುಗಾರ ತನ್ನ ಸ್ಟೂಲು ಬಿಟ್ಟು ಓಡಿಬಂದು ತೋಳು ಹಿಡಿದ. "ಪೋಲೆ ಪೋಲೆ, ಮಾಮಾ," ನಿಧಾನ ನಿಧಾನ ಅಮ್ಮಾ ಎಂದ. ಅವಳು ನಿಧಾನಿಸಲಿಲ್ಲ. ಅವನೂ ಮತ್ತೆ ಹೇಳದೆ, ಅವಳ ವೇಗಕ್ಕೇ ಹೆಜ್ಜೆ ಹಾಕಿ ಆಚೆ ದಾಟಿಸಿ, ಹಿಂದಿರುಗಿ ಹೋದ. ಅಸಾಂಟೆ, ಧನ್ಯವಾದ, ಎನ್ನಲೂ ಅವಳಿಗೆ ಉಸಿರಿರಲಿಲ್ಲ. ಮೂಡಣದ ಆಕಾಶ ಕಂದುಬಣ್ಣಕ್ಕೆ ತಿರುಗಿತ್ತು.

ಮೇರಿ ಇನ್ನೂ ಮನೆಯಲ್ಲೇ ಇದ್ದಳು. ದಿನಾ ಮೂರಕ್ಕೆ ಮಟಾಟು ವ್ಯಾನು ಹಿಡಿದು ಮನೆಗೆ ಹೋಗುವವಳು, ಬಾಯಿ ಆ ಕತ್ತಲೆ ಕೋಣೆಯಲ್ಲಿ ಒಬ್ಬರೇ ಹೆದರಿಯಾರೆಂದು, ಮಕ್ಕಳನ್ನು ಅಕ್ಕನ ಮನೆಗೆ ಕಳಿಸಿ ಉಳಿದುಕೊಂಡಿದ್ದಳು. ಬೆನೆಡಿಕ್ಟಾಳ ಮುಖ ನೋಡಿದ್ದೇ ಸೌಟು ಕೆಳಗಿಟ್ಟಳು.

"ಮಂಚ ಬೇಡ, ಬಿಚ್ಚುವಷ್ಟು ಹೊತ್ತಿಲ್ಲ. ಹಾಸಿಗೆ ಎಳೆಯೋಣ."

"ಇದೆಂತ ಗೊ?" ಜೆನೆವಿವ್ ಬಾಯಿ ಕಣ್ಣು ಬಿಟ್ಟರು. "ಈಗಷ್ಟೆ ನಿದ್ದೆ ಹತ್ತಿತ್ತು."

"ಬಾಯಿ, ತಪ್ಪಾಯ್ತು. ಕಡೆ ತಪ್ಪಿತು. ಗಾಳಿ ಈ ಕಡೆಯಿಂದ ಬರ್ತಾ ಇದೆ. ನಾನು..." ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡಳು.

"ಮೊದಲು ಎಳಿ. ಅಳುವುದು ಆಮೇಲೆ."

ಇಬ್ಬರೂ ಹಾಸಿಗೆಯನ್ನು ಬಾಯಿಯ ಸಮೇತ ಮೆಲ್ಲಗೆ ನೆಲಕ್ಕಿಳಿಸಿದರು. ಮೇರಿ ಪ್ರತಿ ಶನಿವಾರ ಮೇಣ ಹಚ್ಚಿ ಉಜ್ಜುತ್ತಿದ್ದ ನೆಲ ಆ ದಿನ ಕೈಹಿಡಿಯಿತು. ಹಾಸಿಗೆ ನೀರಿನ ಮೇಲಿನ ದೋಣಿಯಂತೆ ಜಾರಿತು. ಮೇರಿ ಎಳೆದಳು, ಬೆನೆಡಿಕ್ಟಾ ಹಿಂದಿನಿಂದ ಬಗ್ಗಿ ದೂಡಿದಳು. ಹೊಸ್ತಿಲಿನಲ್ಲಿ ಎತ್ತುವಾಗ ಜೆನೆವಿವ್ ಬಾಯಿ ನೋವಿಗೆ ತುಟಿ ಕಚ್ಚಿದರು, ಆದರೆ ಸುಮ್ಮನಿರುವ ಜಾಯಮಾನ ಅವರದಲ್ಲ.

"ಮದುವೆಯೇ ಆಗದವಳಿಗೆ ಈ ವಯಸ್ಸಿನಲ್ಲಿ ಮೆರವಣಿಗೆ! ಮೇರಿ, ಬ್ಯಾಂಡಿನವರು ಎಲ್ಲಿ?"

ಬ್ಯಾಂಡಿನವರು ಬಂದೇ ಬಿಟ್ಟರು. ಹಾಸಿಗೆ ಮುಂಕೋಣೆಯ ಒಳಗೋಡೆಗೆ ತಾಗುವುದಕ್ಕೂ ಗಾಳಿ ಮನೆಯ ಬೆನ್ನಿಗೆ ಅಪ್ಪಳಿಸುವುದಕ್ಕೂ ಸರಿಹೋಯಿತು. ಮಾಡಿನ ಹಂಚುಗಳೆಲ್ಲ ಒಟ್ಟಿಗೆ ಹಲ್ಲು ಕಡಿದಂತೆ ಕಟಕಟಿಸಿದವು. ದೀಪ ಹೋಯಿತು. ಪಡುವಣದ ಆ ದೊಡ್ಡ ಗಾಜಿನ ಕಿಟಕಿ ಅಲ್ಲಾಡಲಿಲ್ಲ. ಅದರಾಚೆ ಬೀದಿಯಲ್ಲಿ ಎಲೆ, ಕಾಗದ, ಯಾರದೋ ಅಂಗಿ, ಎಲ್ಲವೂ ಮನೆಯಿಂದ ದೂರಕ್ಕೆ ಓಡುತ್ತಿದ್ದವು. ಮೂವರೂ ಹಾಸಿಗೆಯ ಮೇಲೆಯೇ ಒತ್ತೊತ್ತಾಗಿ ಕೂತರು. ಮೇರಿ ಕಣ್ಣುಮುಚ್ಚಿ ತನ್ನ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದಳು. ಆಮೇಲೆ ಹಿಂದಿನಿಂದ, ಬಟ್ಟೆ ಹರಿದಂಥ ಉದ್ದನೆಯ ಒಂದು ಸದ್ದು. ಅದರ ಹಿಂದೆಯೇ ಮನೆ ಒಮ್ಮೆ ಅದುರಿತು.

ಗಾಳಿ ಇಳಿದು ಮಳೆಯೊಂದೇ ಉಳಿದ ಮೇಲೆ ಬೆನೆಡಿಕ್ಟಾ ಹೋಗಿ ನೋಡಿದಳು. ನೀಲಗಿರಿಯ ಒಂದು ದೊಡ್ಡ ಕೊಂಬೆ ಮಾಡು ಸೀಳಿಕೊಂಡು ಬಂದು ಮಂಚದ ಮೇಲೆ ಮಲಗಿತ್ತು. ತಲೆಯ ಕಡೆಯ ಕಬ್ಬಿಣದ ಸರಳುಗಳು ಬಗ್ಗಿ ನೆಲ ಮುಟ್ಟಿದ್ದವು. ಸುತ್ತ ಕೆಂಪು ಹಂಚಿನ ಚೂರುಗಳು. ನೀಲಗಿರಿ ಎಣ್ಣೆಯ ಘಾಟು ಕೋಣೆಯೆಲ್ಲ. ಅವಳು ಒಂದು ಚೂರು ಎತ್ತಿಕೊಂಡು ಬಂದಳು. ಯಾಕೆ ತಂದಳೋ ಅವಳಿಗೇ ತಿಳಿಯಲಿಲ್ಲ.

ಜೆನೆವಿವ್ ಬಾಯಿ ಅದನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಮಂಗಳೂರಿನ ಹೆಸರಿನ ಅಚ್ಚಿತ್ತು. ಹಳೆಯ ಕಾಲದಲ್ಲಿ ಹಡಗಿನಲ್ಲಿ ಬಂದ ಹಂಚು.

"ಊರಿನ ಹಂಚು ತಲೆಮೇಲೆ ಬೀಳಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಮಾರಾಯ್ತಿ!"

ಬೆನೆಡಿಕ್ಟಾಳಿಗೆ ನಗಲಾಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಚಿದಾನಂದರು, ಬಿದ್ದ ಮರಗಳನ್ನು ಕಾರಿನಲ್ಲಿ ಸುತ್ತಿ ಬಳಸಿ, ಟಾರ್ಚು ಹಿಡಿದು ಬಂದರು. ಹಿಂದಿನ ಕೋಣೆಗೆ ಬೆಳಕು ಬಿಟ್ಟು ಬಾಗಿಲಿನಿಂದಲೇ ಬಗ್ಗಿದ ಸರಳುಗಳನ್ನು ನೋಡಿದರು.

"ಟೀಚರ್... ಬೆಳಿಗ್ಗೆ ನಾವು ಇಲ್ಲೇ ಅಲ್ವಾ..."

"ಹೌದು. ನಾನೇ ಹಾಕಿಸಿದ್ದು. ನಾನು..."

"ಬೆಳಗಿನ ಸುದ್ದಿ ಈಗ ಎಂತಕ್ಕೆ?" ಮುಂಕೋಣೆಯಿಂದ ಜೆನೆವಿವ್ ಬಾಯಿಯ ದನಿ ಬಂತು. "ಡಾಕ್ಟ್ರೇ, ನಿಮ್ಮ ಬಿರುಗಾಳಿ ಕಡೆಗೂ ಬಂತಲ್ಲ, ಸಂತೋಷ ಆಯ್ತಲ್ಲ? ಇನ್ನು ಮೇರಿಯನ್ನು ಅವಳ ಅಕ್ಕನ ಮನೆಗೆ ಮುಟ್ಟಿಸಿ. ಮಟಾಟು ಇರ್ಲಿಕ್ಕಿಲ್ಲ. ಮಕ್ಕಳು ದಾರಿ ಕಾಯ್ತಾ ಇರ್ತಾರೆ."

ಚಿದಾನಂದರು ಇಬ್ಬರ ಮುಖವನ್ನೂ ನೋಡಿ, ಮತ್ತೇನೂ ಕೇಳದೆ, ಮೇರಿಗೆ ಕಾರಿನ ಬಾಗಿಲು ತೆರೆದು ಛತ್ರಿ ಹಿಡಿದರು. ಹೊರಡುವ ಮೊದಲು ಮೇರಿ ಇದ್ದಲೊಲೆಯ ಮೇಲೆ ಬೆಚ್ಚಗಿಟ್ಟಿದ್ದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ಮೇಲೊಂದು ಮಾವಿನ ಮಿಡಿಯಿಟ್ಟು, ಬಾಯಿಯ ತೊಡೆಯ ಮೇಲೆ ಇರಿಸಿ ಹೋದಳು.

ಮೇಣದ ಬತ್ತಿಯ ಬೆಳಕಿನಲ್ಲಿ ಇಬ್ಬರೇ ಉಳಿದರು. ಬೆನೆಡಿಕ್ಟಾ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕೊಂಬೆ ಬಿದ್ದ ಸದ್ದು ಕಿವಿಯಿಂದ ಹೋಗಿರಲಿಲ್ಲ.

"ಪಡುಗಾಳಿ ಅಂತ ತಿಳ್ಕೊಂಡಿಯಲ್ಲ?" ಜೆನೆವಿವ್ ಬಾಯಿ ಕೊಂಕಣಿಯಲ್ಲಿ ಮೆಲ್ಲಗೆ ಕೇಳಿದರು.

ಅವಳು ತಲೆಯಾಡಿಸಿದಳು.

"ನಾನೂ ಹಾಗೇ ತಿಳ್ಕೊಂಡೆ. ಇಲ್ಲದಿದ್ರೆ ಆ ಗೂಡಿಗೆ ಹೋಗ್ಲಿಕ್ಕೆ ಒಪ್ತಿದ್ನಾ? ಐವತ್ತು ವರ್ಷ ಆಯ್ತು ನಾನು ಈ ಊರಿಗೆ ಬಂದು."

ಮಳೆ ಕಿಟಕಿಯ ಗಾಜಿಗೆ ತಾಗದೆ, ದೂರದಲ್ಲಿ ಬೀಳುತ್ತಿತ್ತು. ಜೆನೆವಿವ್ ಬಾಯಿ ಚಮಚವನ್ನು ಸೆರಗಿಗೆ ಒರೆಸಿ ಬಟ್ಟಲಿನಲ್ಲಿಟ್ಟರು. ಮತ್ತೆ ಎರಡೂ ಕೈಯಲ್ಲಿ ಆ ಬಟ್ಟಲನ್ನು ಎತ್ತಿ, ತಾವು ಒಂದು ಗುಟುಕೂ ಕುಡಿಯದೆ, ಅವಳ ಕಡೆಗೆ ಚಾಚಿದರು.