ಹೊಳೆ ನಡುವಿನ ಕರಿಕುರಿ

ಹಾರ್ನ್ ಹೊಡೀಬೇಡ ಕೊಟ್ರೇಶಣ್ಣ, ಕುರಿ ದಾಟ್ತಾ ಅವೆ, ಅಂತ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಡ್ರೈವರ್ ಕೊಟ್ರೇಶಣ್ಣ ಹೊಡೆದೇಬಿಟ್ಟ, ಐಮಂಗಲ ದಾಟಿದ ಮೇಲೆ ಹೈವೇಗೆ ಅಡ್ಡಲಾಗಿ ಬೂದು ಬೆನ್ನುಗಳ ಸಾಲು, ಹೆಗಲ ಮೇಲೆ ಕಂಬಳಿ ಹೊದ್ದವನೊಬ್ಬ ಒಂದೇ ಕೈ ಎತ್ತಿ ಲಾರಿ, ಬಸ್ಸು, ನಮ್ಮ ವ್ಯಾನು ಎಲ್ಲವನ್ನೂ ತಡೆದು ನಿಲ್ಲಿಸಿದ್ದಾನೆ, ಕೊನೆಯ ಮರಿ ಆಚೆ ಬದಿ ಮುಟ್ಟುವತನಕ ಕೈ ಇಳಿಸಲಿಲ್ಲ ಅವನು, ಪ್ರದೀಪ್ ಮುಂದಿನ ಸೀಟಿನಿಂದ ಕಿಟಕಿಯಾಚೆ ಫೋನು ಚಾಚಿ ವಿಡಿಯೋ ತೆಗೆಯುತ್ತಾ, ಲೇ ಬೀರ, ನಿಮ್ಮ ನೆಂಟರು ನೋಡಲೇ, ಎಲ್ಲರೂ ನಕ್ಕರು, ನಾನೂ ನಕ್ಕೆ, ಅವರ ನಗುವಿಗಿಂತ ನನ್ನ ಆ ನಗುವೇ ನನಗೆ ಮೈ ಉರಿಸುವುದು — ಮುಳ್ಳುತಂತಿ ಅಂತ ನಮ್ಮ ಬ್ಯಾಂಡಿನ ಹೆಸರು, ಪಂಕ್ ಸಂಗೀತ ಅಂತೆ, ಪ್ರದೀಪ್ ಕಿರುಚುತ್ತಾನೆ, ಅಂಜಲಿ ಗಿಟಾರು, ನಾನು ಡೊಳ್ಳು, ಸಿಟ್ಟೇ ನಮ್ಮ ಶ್ರುತಿ ಅಂತ ಬ್ಯಾನರಿನ ಮೇಲೆ ಬರೆಸಿದ್ದಾನೆ, ಆ ಸಿಟ್ಟಿಗೆ ಬೆಳಿಗ್ಗೆ ಎದ್ದು ಬಿಸಿನೀರು ಜೇನುತುಪ್ಪ ಕುಡಿಸಬೇಕು, ಗಂಟಲು ಕಟ್ಟಬಾರದಲ್ಲ, ಮಧ್ಯಾಹ್ನ ಮಲಗಿಸಬೇಕು, ಮೂರು ಗಂಟೆಗೆ ಸರಿಯಾಗಿ ಎಬ್ಬಿಸಿದರೆ ಸ್ಟೇಜಿನ ಮೇಲೆ ಬಂದು ಯಾರೂ ಯಾರ ಬಾಯಿ ಮುಚ್ಚಿಸಬಾರದು ಅಂತ ಕೂಗುತ್ತದೆ, ನನ್ನ ಸಿಟ್ಟಿಗೆ ಇಂಥ ಉಪಚಾರ ಯಾವುದೂ ಇಲ್ಲ, ಅದು ವ್ಯಾನಿನ ಹಿಂದುಗಡೆ ಡೊಳ್ಳಿನ ಪಕ್ಕ ಕಾಲು ಮಡಚಿ ಕೂತಿರುತ್ತದೆ, ನನ್ನ ಹಾಗೇ.

ಒಂಬತ್ತು ಕಡೆ ಶೋ ಆಯಿತು, ನಿನ್ನೆ ಹಿರಿಯೂರು ಒಂಬತ್ತನೆಯದು, ಒಂಬತ್ತು ಸಲ ಪದದೊಳಗಿನ ಆ ಕುರಿಯನ್ನು ನೀರಲ್ಲಿ ನಿಲ್ಲಿಸಿ ಬಂದಿದ್ದೇವೆ, ಪದ ನನ್ನಜ್ಜಿ ಈರಕ್ಕನದು, ಅಜ್ಜಿಗೆ ಅವಳ ಅಪ್ಪನಿಂದ ಬಂದದ್ದು, ಹೊಳೆ ತುಂಬಿ ಬಂದಾಗ ದೇವರು ತಾನೇ ಕುರಿಯವನಾಗಿ ಮಂದೆ ದಾಟಿಸುವ ಪದ, ಎಲ್ಲವೂ ದಾಟುತ್ತವೆ, ಗಬ್ಬದ ಕರಿಕುರಿ ಒಂದು ನಡುವೆ ನಿಂತುಬಿಡುತ್ತದೆ, ಹೊಳೆ ನಡುವೆ ಕರಿಕುರಿ ನಿಂತೈತೋ, ಮೂತಿ ಎತ್ತಿ ದಡವ ನೋಡೈತೋ, ಆಮೇಲೆ ಹದಿನೇಳು ನುಡಿ ಅವೆ, ಕುರಿ ದಡ ಸೇರಿ ರೊಪ್ಪದ ಬೇಲಿಯೊಳಗೆ ಹೋಗಿ ಮುಳ್ಳುಬಾಗಿಲು ಮುಚ್ಚುವತನಕ, ಅಲ್ಲಿತನಕ ಹಾಡುವವನು ನೀರು ಕುಡಿಯುವಂಗಿಲ್ಲ, ಕೇಳುವವರು ಏಳುವಂಗಿಲ್ಲ, ಬೇರೆಯವರು ನುಡಿ ಎತ್ತಿಕೊಡುವಂಗಿಲ್ಲ, ಎತ್ತಿದೋನೇ ದಾಟಿಸಬೇಕು, ಅದು ನಮ್ಮ ಹಟ್ಟಿಯ ಕಟ್ಟು, ಒಂದು ಸಲ ಒಲೆ ಮೇಲೆ ಮುದ್ದೆಯ ಎಸರು ಉಕ್ಕಿ ಬೆಂಕಿ ಆರಿದರೂ ಅವ್ವ ಎದ್ದಿರಲಿಲ್ಲ, ಕುರಿ ನೀರಾಗೈತೆ ಸುಮ್ಕಿರು ಅಂತ ನನ್ನ ತೊಡೆ ಚಿವುಟಿದ್ದಳು, ಅವತ್ತು ಎಲ್ಲರೂ ಅರೆಬೆಂದ ಮುದ್ದೆ ಉಂಡೆವು, ಯಾರೂ ಗೊಣಗಲಿಲ್ಲ — ಆ ಪದವನ್ನು ಇವರಿಗೆ ಕೊಟ್ಟವನು ನಾನೇ, ದುರ್ಗದ ಪ್ರಾಕ್ಟೀಸ್ ರೂಮಿನಲ್ಲಿ ಡೊಳ್ಳಿಗೆ ಹಗ್ಗ ಬಿಗಿಯುತ್ತಾ ಸುಮ್ಮನೆ ಗುನುಗಿದೆ, ಪ್ರದೀಪನ ಕಿವಿ ನೆಟ್ಟಗಾಯಿತು, ಏನಲೇ ಅದು, ಮತ್ತೊಂದ್ಸಲ ಹೇಳು, ಹೇಳಿದೆ, ಕರಿಕುರಿ ಮೂತಿ ಎತ್ತಿದ ಕಡೆ ಸ್ಟಾಪ್ ಅಂದ, ಇಲ್ಲೇ ಕಟ್, ಇಲ್ಲೀತನಕ ನೀನು ಹಾಡು, ಇಲ್ಲೇ ನಾನು ಕಿರುಚ್ತೀನಿ, ಆಮೇಲೆ ಪೂರ್ತಿ ಸೈಲೆನ್ಸ್, ಆವತ್ತೇ ಬಾಯಿ ಬಿಡಬೇಕಿತ್ತು, ಇದು ಕಟ್ ಆಗುವ ಪದ ಅಲ್ಲ ಅನ್ನಬೇಕಿತ್ತು, ಹಗ್ಗ ಬಿಗಿಯುತ್ತಾ ಕೂತೆ.

ದುರ್ಗದಲ್ಲಿ ಟೀಗೆ ನಿಂತಾಗ ಅಂಜಲಿಯೇ ಮೊಣಕೈಯಲ್ಲಿ ತಿವಿದಳು, ಬೀರಣ್ಣ, ಹೊಳಲ್ಕೆರೆಗೆ ನಿಮ್ಮಜ್ಜಿ ಬರ್ತಾರಂತಲ್ಲ, ಕೇಳು ಅವನ್ನ, ಅವನಿಗೆ ಹೆದ್ರಿದ್ರೆ ಹೆಂಗೆ, ಕೇಳಿದೆ, ಪ್ರದೀಪಣ್ಣ, ಇವತ್ತೊಂದಿನ ಪದ ಪೂರ್ತಿ ಮಾಡಾಣ, ಐದೇ ನಿಮಿಷ, ಕುರಿ ರೊಪ್ಪಕ್ಕೆ ಸೇರಿಸಾಣ, ಅವನು ಟೀ ಲೋಟ ಇಳಿಸಿ ಎಲ್ಲರಿಗೂ ಕೇಳುವ ಹಾಗೆ, ಏನಪ್ಪ, ನಮ್ಮನ್ನ ಭಜನೆ ಪಾರ್ಟಿ ಮಾಡ್ತೀಯ, ಕುರಿ ಮನೆಗೆ ಹೋಯ್ತು, ಮುದ್ದೆ ಉಂಡಿತು, ಮಲಗಿತು ಅಂದ್ರೆ ಯಾರಲೇ ಕೇಳ್ತಾರೆ, ಆ ಕುರಿ ಅಂದ್ರೆ ನಾವು ಕಣೋ, ಈ ವ್ಯವಸ್ಥೆ ನಮ್ಮನ್ನ ನೀರಲ್ಲಿ ನಿಲ್ಸೈತೆ ಅಂತ, ಅರ್ಥ ಆಯ್ತಾ, ನೀನು ಬಾರಿಸು ಸಾಕು — ವ್ಯವಸ್ಥೆಯಂತೆ, ನಿಲ್ಲಿಸಿದವನು ನೀನು, ಒಂಬತ್ತು ಸಲ ನೀನು, ಅಂದದ್ದು ನನ್ನ ಹಲ್ಲಿನ ಹಿಂದೆಯೇ ಉಳಿಯಿತು, ಟೀ ಜೊತೆ ನುಂಗಿದೆ.

ಹೊಳಲ್ಕೆರೆಯಲ್ಲಿ ಅಡಿಕೆ ಮಂಡಿ ಹತ್ತಿರದ ಮೈದಾನ, ನಾಲ್ಕರ ಬಿಸಿಲು, ನೀಲಿ ಪ್ಲಾಸ್ಟಿಕ್ ಕುರ್ಚಿ, ಸ್ಟೇಜಿನ ಹಿಂದೆ ಡೊಳ್ಳಿಗೆ ಕೈಮುಗಿದು ಹಣೆಗೆ ಭಂಡಾರ ಇಟ್ಟುಕೊಂಡೆ, ಪ್ರದೀಪ್ ನನ್ನ ಸಂಚಿಗೆ ಕೈ ಹಾಕಿ ದೇವರ ಆ ಅರಿಶಿನವನ್ನು ಎರಡೂ ಕೆನ್ನೆಗೆ ಗೀರಿದ, ಹೆಂಗೆ, ಸಖತ್ತಾಗೈತಾ, ಅಂಜಲಿ ಮುಖ ತಿರುಗಿಸಿದಳು, ಎರಡನೇ ಸಾಲಿನಲ್ಲಿ ಅಜ್ಜಿ, ಚಿಕ್ಕಜಾಜೂರಿಂದ ಬಸ್ಸು ಹತ್ತಿ ಒಬ್ಬಳೇ ಬಂದಿದ್ದಾಳೆ, ಹೊಸ ಸೀರೆ, ಚಪ್ಪಲಿ ಬಿಟ್ಟು ಕುರ್ಚಿಯ ಕೆಳಗೆ ಜೋಡಿಸಿಟ್ಟಿದ್ದಾಳೆ, ಪದ ಕೇಳುವಾಗ ಚಪ್ಪಲಿ ಹಾಕುವುದಿಲ್ಲ ಅವಳು, ಗಿಟಾರಿನ ಸದ್ದಿಗೆ ಅವಳ ಪಕ್ಕದವರು ಕಿವಿ ಮುಚ್ಚಿಕೊಂಡರು, ಅವಳು ಮುಚ್ಚಲಿಲ್ಲ, ತುಟಿ ಆಡಿಸುತ್ತಿದ್ದಳು, ನಾನು ಪದ ಎತ್ತಿದೆ, ಎಲ್ಲಾ ದಾಟಿದವು, ಹೊಳೆ ನಡುವೆ ಕರಿಕುರಿ, ಇವತ್ತು ನಿಲ್ಲಿಸಬಾರದು, ಅವನು ಕಿರುಚಿಕೊಳ್ಳಲಿ, ನಾನು ಬಾರಿಸುತ್ತಲೇ ಇರುತ್ತೇನೆ ಅಂದುಕೊಂಡೆ, ಮೂತಿ ಎತ್ತಿ ದಡವ ನೋಡೈತೋ, ಅವನು ಕಿರುಚಿದ, ಕೋಲು ಮೇಲೆದ್ದಿತು, ಡೊಳ್ಳಿನ ಮೇಲೆ ಬಿದ್ದು ಸತ್ತಿತು, ನಿಲ್ಲಿಸಿದ್ದು ನನ್ನ ಕೈಯೇ, ಯಾರೂ ಹಿಡಿದಿರಲಿಲ್ಲ ಅದನ್ನು, ಪೂರ್ತಿ ಸೈಲೆನ್ಸ್, ಆಮೇಲೆ ಶಿಳ್ಳೆ, ಒನ್ಸ್ ಮೋರ್, ಅಜ್ಜಿ ಮಾತ್ರ ಕತ್ತು ಮುಂದೆ ಮಾಡಿ ನನ್ನನ್ನೇ ನೋಡುತ್ತಾ, ಇನ್ನೂ ತುಟಿ ಆಡಿಸುತ್ತಾ.

ಜನ ಎದ್ದರು, ಕುರ್ಚಿ ಒಂದರೊಳಗೊಂದು ಸೇರಿಸಿ ಟೆಂಪೋಗೆ ತುಂಬುತ್ತಿದ್ದಾರೆ, ವ್ಯಾನು ಸ್ಟಾರ್ಟ್ ಆಗಿದೆ, ಹೊಸದುರ್ಗಕ್ಕೆ ಲೇಟ್ ಆಗ್ತೈತೆ ಬಾರಲೇ ಬೀರ, ಡೊಳ್ಳು ಏರಿಸಿ ಹತ್ತಿದೆ, ಹಿಂಬಾಗಿಲಾಚೆ ಮೈದಾನದ ನಡುವೆ ಒಂದೇ ಕುರ್ಚಿ, ಅದರಲ್ಲಿ ಅಜ್ಜಿ, ಕುರ್ಚಿಯವನು ಬೇಡಿಕೊಳ್ಳುತ್ತಿದ್ದಾನೆ, ಏಳ್ರಿ ಅಜ್ಜಿ, ಲೆಕ್ಕಕ್ಕೆ ಒಂದು ಕಮ್ಮಿ ಬರ್ತೈತೆ, ಹೆಂಗೆ ಏಳ್ಲಪ್ಪ, ಅದು ಇನ್ನೂ ನೀರಾಗೈತಲ್ಲ, ಏನು ನೀರಾಗೈತೆ, ನಿಂಗೆ ಗೊತ್ತಾಗಲ್ಲ ಹೋಗು, ಅವನಿಗೆ ಗೊತ್ತೈತೆ, ನನ್ನ ಕಡೆ ಬೆರಳು, ಆಗ ಇಳಿದೆ, ಡೊಳ್ಳು ಹೆಗಲಿಗೆ ಹಾಕಿಕೊಂಡು ವ್ಯಾನಿನಿಂದ ಇಳಿದೆ, ಎಲ್ಲಿಗಲೇ ಅಂದ ಪ್ರದೀಪ್, ನೀನು ಹೋಗು ಅಂದೆ, ಅಂದೇಬಿಟ್ಟೆ, ಹಲ್ಲಿನ ಹಿಂದಿದ್ದದ್ದೆಲ್ಲ ಆಚೆ ಬಂತು, ಕುರಿ ನಡುನೀರಲ್ಲಿ ಬಿಟ್ಟು ಹೋಗೋನು ಕುರಿಯವನಲ್ಲ, ಕಳ್ಳ, ನೀನು ಹೋಗು, ಮೈದಾನವೆಲ್ಲ ಕೇಳುವಂತೆ ಕೂಗಿದೆ, ಅಜ್ಜಿಯ ಮುಂದೆ ನಿಂತೆ, ತಪ್ಪಾಯ್ತಜ್ಜಿ, ಆಗ್ಲಿ ಬಿಡು ಮಗ, ಎಲ್ಲಿಗೆ ಬಿಟ್ಟಿದ್ಯೋ ಅಲ್ಲಿಂದ ಎತ್ತು, ಎತ್ತಿದೆ, ಹೊಳೆ ನಡುವೆ ಕರಿಕುರಿ ನಿಂತೈತೋ, ಅಜ್ಜಿ ಕಣ್ಣು ಮುಚ್ಚಿದಳು, ಮೂತಿ ಎತ್ತಿ ದಡವ ನೋಡೈತೋ, ಕೋಲು ಮೇಲೆದ್ದಿತು, ಬಿದ್ದಿತು, ನಿಂತಿತು — ಮುಂದಿನ ನುಡಿ, ಮುಂದಿನ ನುಡಿ ಇರಬೇಕಾದ ಜಾಗದಲ್ಲಿ ಅವನ ಕಿರುಚಾಟ ಕೂತಿದೆ, ಅದರಾಚೆ ಸೈಲೆನ್ಸ್, ಹದಿನೇಳು ನುಡಿ, ಹಾಲು ಕುಡಿದಷ್ಟು ಸಲೀಸಾಗಿ ಬಾಯಿಗೆ ಬರುತ್ತಿದ್ದವು, ಒಂದೂ ಇಲ್ಲ, ಹಾಡಪ್ಪ ಅನ್ನುತ್ತಾಳೆ ಕಣ್ಣು ಮುಚ್ಚಿಕೊಂಡೇ, ಅವಳು ಎತ್ತಿಕೊಡುವಂಗಿಲ್ಲ, ಏಳುವಂಗಿಲ್ಲ, ನಾನು ನೀರು ಕುಡಿಯುವಂಗಿಲ್ಲ, ಹೊಳೆ ನಡುವೆ ಕರಿಕುರಿ ನಿಂತೈತೋ, ಮೂತಿ ಎತ್ತಿ ದಡವ ನೋಡೈತೋ, ಹೊಳೆ ನಡುವೆ, ಕರಿಕುರಿ, ಮೂತಿ ಎತ್ತಿ, ನನ್ನ ಕಡೆಗೇ, ಮೂತಿ ಎತ್ತಿ