ಗೆರೆ ದಾಟದ ಹನಿ

ಮೇಜಿನ ಮೇಲೆ ನೀರು ಚೆಲ್ಲಿದರೆ ಲೋಕದವರೆಲ್ಲ ಬಟ್ಟೆ ಹುಡುಕುತ್ತಾರೆ. ರಾಜೀವಿ ಮಾತ್ರ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನೀರು ಎಲ್ಲಿ ತಡೆಯಿತು, ಯಾಕೆ ತಡೆಯಿತು ಎಂದು ಮೂಗು ಮೇಜಿಗೆ ತಗಲುವಷ್ಟು ಬಾಗಿ ನೋಡುವ ಈ ವಿಜಯಪುರದ ಹೆಣ್ಣುಮಗಳನ್ನು ಕಂಡರೆ ಪುಣೆಯ ಹೋಟೆಲಿನ ಮಾಣಿಗಳು ಒರೆಸುವ ಬಟ್ಟೆ ಹಿಡಿದು ದೂರವೇ ನಿಲ್ಲುತ್ತಾರೆ. ನಡಿಗೆಯೋ ಬಿರುಗಾಳಿ; ತೋಳು ಮಡಚಿದ ಬಿಳಿ ಕೋಟಿನ ಜೇಬಿನಲ್ಲಿ ಸದಾ ಒಂದು ಗಾಜಿನ ತುಂಡು, ಹನಿಗಳ ಜೊತೆ ಮಾತಾಡುವ ಚಟ ಬೇರೆ. “ನಿಂದ್ರು, ಅಲ್ಲೇ ನಿಂದ್ರು” ಎಂದು ಅವರು ರಮಿಸುವುದನ್ನು ಬಾಗಿಲಾಚೆಯಿಂದ ಕೇಳಿದವರು ಒಳಗೆ ಯಾವುದೋ ಕೂಸು ಹೆಜ್ಜೆ ಕಲಿಯುತ್ತಿದೆಯೆಂದೇ ತಿಳಿಯುತ್ತಾರೆ.

ಪುಣೆಯಂಚಿನ ಕಾತ್ರಜದ ಮಾಳಿಗೆಯೊಂದರ ಪ್ರಯೋಗಾಲಯದಲ್ಲಿ ಅವರು ವರ್ಷಾನುಗಟ್ಟಲೆ ತಪಸ್ಸು ಮಾಡಿ ಪಡೆದದ್ದು ಅಂಗೈಯಗಲದ ಗಾಜು. ಅದರ ಮೈಗೆಲ್ಲ ನೀರನ್ನು ಒಲ್ಲದ ಲೇಪ, ನಡುನಡುವೆ ನೀರನ್ನು ಅಪ್ಪಿ ಹಿಡಿಯುವ ಪುಟ್ಟ ವೃತ್ತಗಳು. ಗೋಡೆಯಿಲ್ಲ, ಗುಂಡಿಯಿಲ್ಲ, ಆದರೂ ವೃತ್ತದೊಳಗೆ ಬಿದ್ದ ಹನಿ ಗೆರೆ ದಾಟದು! ಒಂದೊಂದು ಹನಿಯಲ್ಲಿ ರಕ್ತದ ಒಂದೊಂದು ಪರೀಕ್ಷೆ. ಇಂದಾಪುರದ ಕಡೆ ಕಬ್ಬು ಕಡಿಯುವ ಹೆಂಗಸರನ್ನು ವ್ಯಾನಿನಲ್ಲೇ ಹೋಗಿ ತಪಾಸಣೆ ಮಾಡುವ ಡಾಕ್ಟರ್ ಧರ್ಮರಾಜ ಒಪ್ಪಿದರೆ ಗಾಜು ಹೊಲಕ್ಕಿಳಿಯುತ್ತಿತ್ತು. ಒಲ್ಲೆನೆಂದರೆ ಹಣ ಕೊಡುವ ಸಂಸ್ಥೆಯವರು ಈ ಕೆಲಸವನ್ನೇ ನಿಲ್ಲಿಸುವವರಿದ್ದರು.

ದಸರೆಯ ಮರುದಿನ ಡಾಕ್ಟರು ಬಂದರು. “ನಮ್ಮ ಕಡೆ ರಸ್ತಾ ಭಾಳ ಕೆಟ್ಟ ಅದರಿ ಮೇಡಂ. ವ್ಯಾನಿನ್ಯಾಗ ಹನಿ ನಿಂತ್ರ ಖರೆ.”

ಬಣ್ಣದ ಹನಿಗಳನ್ನಿಟ್ಟ ಗಾಜನ್ನು ಮಡಿಲಲ್ಲಿ ಹಿಡಿದು ರಾಜೀವಿ ವ್ಯಾನು ಹತ್ತಿದರು. ಗೇಟಿನ ಉಬ್ಬು ದಾಟುವಷ್ಟರಲ್ಲಿ ಕೆಂಪು ಹನಿ ನೀಲಿಯೊಳಗೆ ಉರುಳಿಹೋಯಿತು. ಡಾಕ್ಟರು ಗಡಿಯಾರ ನೋಡಿಕೊಂಡರು. ರಾಜೀವಿ ಗಾಜನ್ನು ಮೂಗಿಗೆ ಹಿಡಿದರು. ಕೊಬ್ಬರಿ ಎಣ್ಣೆಯ ವಾಸನೆ! ಅನ್ನ ಕೊಡುವ ಸಾಮಾನನ್ನು ಖಂಡೇನವಮಿಯಂದು ಬರಿದೆ ಬಿಡಬಾರದೆಂದು ಯಂತ್ರಗಳಿಗೆಲ್ಲ ಪೂಜೆ ಮಾಡಿ, ಉದುರದಿರಲೆಂದು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಈ ಗಾಜಿಗೂ ಹಚ್ಚಿದವರು ಸಾಕ್ಷಾತ್ ರಾಜೀವಿಯವರೇ. ಕುಂಕುಮ ಒರೆಸಿದ್ದರು, ಜಿಡ್ಡು ಉಳಿದು ನೀರು ಹಿಡಿಯುವ ವೃತ್ತಗಳನ್ನೇ ಮುಚ್ಚಿತ್ತು. ನೀರಿನ ಮರ್ಮ ಅರೆದು ಕುಡಿದವರೂ ಪೂಜೆಗೆ ಕೂತಾಗ ತಾಯಿ ಕಲಿಸಿದ್ದನ್ನು ಬಿಡದ ಮಕ್ಕಳೇ ತಾನೆ.

“ಗಾಜಿಂದೇನೂ ತಪ್ಪಿಲ್ರಿ, ತಪ್ಪು ನಂದು. ಪೂಜಾ ಮಾಡಿ ಕೆಡಿಸೀನಿ,” ಎಂದವರೇ ಡಾಕ್ಟರ ಚೀಲದಿಂದಲೇ ಸ್ಪಿರಿಟ್ ಇಸಿದುಕೊಂಡು ಗಾಜನ್ನು ತಿಕ್ಕಿ ತೊಳೆದು, ಹೊಸ ಹನಿಗಳನ್ನಿಟ್ಟು, ಅವರ ಮಡಿಲಿಗೇ ಕೊಟ್ಟರು. “ಈಗ ನೀವ ಹಿಡೀರಿ.”

ವ್ಯಾನು ಸಾತಾರಾ ರಸ್ತೆಗಿಳಿದು ಘಾಟಿನ ತಿರುವಿಗೆ ಬಿತ್ತು. ಹನಿಗಳು ನಡುಗಿದವು, ವಾಲಿದವು, ಉಬ್ಬಿ ಅಂಚಿನವರೆಗೂ ಬಂದವು, ಒಂದೂ ದಾಟಲಿಲ್ಲ. ಉಸಿರು ಬಿಗಿಹಿಡಿದಿದ್ದ ಡಾಕ್ಟರು ಚಾಲಕನಿಗೆ, “ಅಜೂನ್ ಜೋರಾತ್,” ಎಂದು ಮರಾಠಿಯಲ್ಲಿ ಇನ್ನಷ್ಟು ವೇಗಕ್ಕೆ ಹುರಿದುಂಬಿಸಿದಾಗ ರಾಜೀವಿ ಕಣ್ತುಂಬಿ ನಕ್ಕರು. ಆ ಖುಷಿಯನ್ನು ಏನೆಂದು ಹೇಳೋಣ! ತಿರುಗಿ ಬಂದ ಮೇಲೂ ಡಾಕ್ಟರು ಗಾಜನ್ನು ಕೊಡಲೊಲ್ಲರು. “ಇದು ನನ್ನ ಹತ್ರನ ಇರ್ಲಿ. ಮುಂದಿನ ವಾರ ಹೊಲಕ್ಕ ಬರ್ರಿ,” ಎಂದರು.

ರಾಜೀವಿಯಂಥವರ ಜಾಯಮಾನವೇ ಹೀಗೆ. ಓಡುವುದನ್ನು ಕಟ್ಟಿಹಾಕಲು ಹೋಗುವುದಿಲ್ಲ. ನಿಲ್ಲಬೇಕೆನ್ನಿಸುವಂಥ ನೆಲೆಯನ್ನು ಹದಮಾಡಿ ಕಾಯುತ್ತಾರೆ. ತಪ್ಪು ತಮ್ಮದೆಂದು ಒಪ್ಪಲು ಅವರಿಗೆ ಕ್ಷಣವೂ ಬೇಡ, ಏಕೆಂದರೆ ಅವರ ಅಭಿಮಾನವೆಲ್ಲ ಕೆಲಸದ ಮೇಲೆ. ತಮ್ಮ ಮಾನ ಹೋದರೆ ಹೋಗಲಿ, ಹನಿ ನಿಂತರೆ ಸಾಕು.